ಸುರಪುರದ ಒಂದು ರಾತ್ರಿ ಸಾಕು, ಹನ್ನೆರಡು ವರ್ಷ ಆಡಿರಿ

ಯಡ್ರಾಮಿ ಸೀಮೆಯ ನಾಟ್ಯ ಸಂಘಗಳವರಿಗೆ, ಜಾತ್ರಾ ಕಮಿಟಿಯ ಹಿರಿಯರಿಗೆ, ಸೆಪ್ಟೆಂಬರ್ ಬಂತೆಂದರೆ ಟ್ರ್ಯಾಕ್ಟರ್ ಮೇಲೆ ಸ್ತಬ್ಧಚಿತ್ರ ಕಟ್ಟುವ ಹುಡುಗರಿಗೆ, ಶಾಲೆಯ ಗ್ಯಾದರಿಂಗಿಗೆ ಮಕ್ಕಳ ವೇಷ ಹೊಲಿಸುವ ಮಾಸ್ತರರಿಗೆ,



ಪರಂಗಿಯವರ ಕಾಲವನ್ನು ಆಡಿ ತೋರಿಸಲು ಏನೇನು ಬೇಕು ಎಂಬುದು ನಿಮಗೆ ಬಾಯಿಪಾಠ. ಬಾಡಿಗೆಗೆ ತಂದ ಕೆಂಪು ಕೋಟು, ರಟ್ಟಿನ ಟೋಪಿ, ಮುಖಕ್ಕೆ ಬಳಿಯಲು ಬಿಳಿ ಬಣ್ಣ, ಪ್ಲಾಸ್ಟಿಕ್ ಪಿಸ್ತೂಲು, ಪಟಾಕಿಯ ಒಂದೆರಡು ಪಾಕೀಟು. ಸಾಹೇಬ ನಾಲಿಗೆ ತಿರುಚಿ ಕಪ್ಪ ಕೇಳಬೇಕು, ರಾಣಿ ಇಲ್ಲವೇ ರಾಜ ಕತ್ತಿ ಹಿರಿದು ಗುಡುಗಬೇಕು, ಪಟಾಕಿ ಹಾರಬೇಕು, ಶಿಳ್ಳೆ ಬೀಳಬೇಕು. ಕಂಪನಿ ನಾಟಕದ ಕಾಲದಿಂದ ಬಂದ ಈ ಕಟ್ಟು ಕಿತ್ತೂರಿಗೆ ಹೊಂದುತ್ತದೆ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತದ್ದು ನಿಜ, ಆ ದಿನದ ನೆನಪಿಗೆ ಅವರು ಪ್ರತಿವರ್ಷ ಉತ್ಸವ ಮಾಡುವುದೂ ಸರಿ. ಆದರೆ ಕಿತ್ತೂರು ನಮ್ಮಿಂದ ಎರಡು-ಮೂರು ಜಿಲ್ಲೆ ಆಚೆಗಿದೆ. ನಮ್ಮ ಮಗ್ಗುಲಲ್ಲೇ ಸುರಪುರವಿದೆ. ಕೆಂಭಾವಿ ದಾಟಿದರೆ ಆ ಸಂಸ್ಥಾನದ ಮಣ್ಣು ಕಾಲಿಗೆ ಹತ್ತುತ್ತದೆ. ಸುರಪುರವನ್ನು ಆಡಲು ಹೊರಟಾಗಲೂ ನೀವು ಕಿತ್ತೂರಿನದೇ ಕೋಟು ಹಾಕಿ, ಕಿತ್ತೂರಿನದೇ ಧಾಟಿಯಲ್ಲಿ ಆಡುತ್ತೀರಿ. ಈ ಪತ್ರ ಬರೆಯಲು ಅದೇ ಕಾರಣ.

ಸುರಪುರದ ದಂಗೆ ಎಂದರೆ ನಿಮ್ಮ ರಂಗದ ಮೇಲೆ ಒಂದೇ ರಾತ್ರಿ: 1858ರ ಫೆಬ್ರುವರಿ 7. ಹೈದರಾಬಾದಿನ ರೆಸಿಡೆಂಟ್ ಡೇವಿಡ್‌ಸನ್ ಕಳಿಸಿದ ಕ್ಯಾಪ್ಟನ್ ಕ್ಯಾಂಪ್‌ಬೆಲ್ ಆಗಲೇ ಊರಿಗೆ ಬಂದು ರಾಜನಿಗೆ ಬುದ್ಧಿ ಹೇಳುತ್ತಿದ್ದ. ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡ್‌ಹ್ಯಾಮ್ ಪಡೆ ತಂದು ಬೀಡುಬಿಟ್ಟ. ಆ ರಾತ್ರಿ ಬೀಡಿನ ಮೇಲೆ ಗುಂಡು ಬಿತ್ತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಬೆಳಗಾವಿ ಕಡೆಯಿಂದ ಕರ್ನಲ್ ಮಾಲ್ಕಮ್, ದಕ್ಷಿಣದಿಂದ ಕರ್ನಲ್ ಹ್ಯೂಸ್ ಬರುತ್ತಿದ್ದಾರೆಂಬ ಸುದ್ದಿ ಬರುತ್ತಲೇ ರಾಜಾ ವೆಂಕಟಪ್ಪ ನಾಯಕ ಕೆಲವೇ ಸವಾರರೊಂದಿಗೆ ಹೈದರಾಬಾದಿನ ಹಾದಿ ಹಿಡಿದ. ಅಲ್ಲಿ ಸಿಕ್ಕಿಬಿದ್ದ, ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಇಂಗ್ಲಿಷರ ಕೈಗೆ ಕೊಟ್ಟ. ಇಷ್ಟನ್ನು ಒಂದು ತಾಸಿನಲ್ಲಿ ಆಡಿ ಮುಗಿಸಬಹುದು, ನೀವು ಮುಗಿಸಿಯೂ ಇದ್ದೀರಿ.

ಆ ರಾತ್ರಿಯನ್ನಾದರೂ ಇದ್ದ ಹಾಗೆ ಆಡುತ್ತೀರಾ ಎಂದರೆ ಅದೂ ಇಲ್ಲ. ನಿಮ್ಮ ಪರಂಗಿ ಸೈನ್ಯದಲ್ಲಿ ಹತ್ತಿಪ್ಪತ್ತು ಹುಡುಗರು ಮುಖಕ್ಕೆ ಬಿಳಿ ಬಳಿದುಕೊಂಡು ಸಾಲಾಗಿ ನಿಲ್ಲುತ್ತಾರೆ. ಲಿಂಗಸುಗೂರಿನಿಂದ ಬಂದದ್ದು ಹೈದರಾಬಾದ್ ಕಂಟಿಂಜೆಂಟ್. ನಿಜಾಮನ ಖರ್ಚಿನಲ್ಲಿ ಸಾಕಿದ, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ ಪಡೆ ಅದು. ಬಿಳಿ ಮುಖ ಇದ್ದದ್ದು ಬೆರಳೆಣಿಕೆಯಷ್ಟು, ಉಳಿದವರೆಲ್ಲ ಈ ನಾಡಿನವರೇ. ಇತ್ತ ರಾಜನ ಕಡೆಯೂ ಬರೀ ಬೇಡರಿರಲಿಲ್ಲ. ಆತ ಸಂಬಳ ಕೊಟ್ಟು ಇಟ್ಟುಕೊಂಡ ಅರಬರು, ರೋಹಿಲರು ಇದ್ದರು. ಅವರನ್ನು ಹೊರಹಾಕು ಎಂಬುದೇ ಇಂಗ್ಲಿಷರ ದೊಡ್ಡ ತಗಾದೆ. ಅಂದರೆ ಎರಡೂ ಕಡೆ ಪಗಡಿ, ಎರಡೂ ಕಡೆ ಗಡ್ಡ, ಎರಡೂ ಕಡೆ ಕಪ್ಪು ಮುಖ. ಎದುರಾಬದುರು ನಿಂತವರಲ್ಲಿ ಒಬ್ಬನಿಗೆ ಸಂಬಳ ಲಿಂಗಸುಗೂರಿನಲ್ಲಿ, ಇನ್ನೊಬ್ಬನಿಗೆ ಸುರಪುರದಲ್ಲಿ. ಬಿಳಿ ಬಣ್ಣದ ಡಬ್ಬಿ ಒಂದನ್ನು ಕಮ್ಮಿ ಮಾಡಿದರೆ ಕಥೆಯ ಅರ್ಧ ತೂಕ ತಾನಾಗಿ ಬರುತ್ತದೆ. ಯಾಕೆಂದರೆ ಪ್ರೇಕ್ಷಕನಿಗೆ ಆಗ ಒಂದು ಪ್ರಶ್ನೆ ಏಳುತ್ತದೆ: ಇವರಿಬ್ಬರೂ ಯಾಕೆ ಬಡಿದಾಡುತ್ತಿದ್ದಾರೆ?

ಆ ಪ್ರಶ್ನೆಗೆ ಉತ್ತರ ಆ ರಾತ್ರಿಯಲ್ಲಿಲ್ಲ. ಅದಕ್ಕೆ ಹದಿನೇಳು ವರ್ಷ ಹಿಂದೆ ಹೋಗಬೇಕು.

1841ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ಇನ್ನೂ ಸಣ್ಣ ಹುಡುಗ. ತಾಯಿ ರಾಣಿ ಈಶ್ವರಮ್ಮ ಅಧಿಕಾರ ತನ್ನ ಕೈಯಲ್ಲಿರಬೇಕೆಂದಳು. ಅರಮನೆಯೊಳಗೆ ಎರಡು ಪಕ್ಷ. ನಿಜಾಮನಿಗೆ ಕೊಡಬೇಕಾದ ಪೇಶ್‌ಕಶ್ ಬಾಕಿ, ಪಟ್ಟಕ್ಕೆ ಕೂರುವಾಗಲೆಲ್ಲ ಸುರಿಯಬೇಕಾದ ನಜರಾಣೆಯ ಸಾಲ, ಸಾಲ ಕೊಟ್ಟ ಸಾಹುಕಾರರ ಕಿರಿಕಿರಿ. ಇದನ್ನೆಲ್ಲ ಸರಿಮಾಡಲೆಂದು ಬಂದವನು ಫಿಲಿಪ್ ಮೆಡೋಸ್ ಟೇಲರ್. ಹುಟ್ಟಿದ್ದು 1808ರಲ್ಲಿ ಲಿವರ್‌ಪೂಲಿನಲ್ಲಿ. ಹದಿನಾರು ತುಂಬುವ ಮೊದಲೇ ಮುಂಬೈಯ ಒಬ್ಬ ವ್ಯಾಪಾರಿಯ ಅಂಗಡಿಗೆಂದು ಹಡಗು ಹತ್ತಿದವನು, ಆ ಅಂಗಡಿ ನೆಟ್ಟಗಿಲ್ಲವೆಂದು ಗೊತ್ತಾಗಿ ನಿಜಾಮನ ಸೈನ್ಯ ಸೇರಿದ. ಇದನ್ನು ಗಮನಿಸಿ: ಆತ ಕಂಪನಿಯ ನೌಕರನಲ್ಲ, ನಿಜಾಮನ ನೌಕರ. ಹೆಂಡತಿ ಮೇರಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಠಗ್ಗರ ಬಗ್ಗೆ ಬರೆದ ಕಾದಂಬರಿ 1839ರಲ್ಲೇ ಲಂಡನ್ನಿನಲ್ಲಿ ಹೆಸರು ಮಾಡಿತ್ತು. ಇಂಥವನು ಸುರಪುರಕ್ಕೆ ಬಂದು 1853ರವರೆಗೆ, ಹನ್ನೆರಡು ವರ್ಷ, ಅಲ್ಲೇ ಕೂತ. ಗುಡ್ಡದ ಮೇಲೆ ಕಟ್ಟಿಸಿಕೊಂಡ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ಇನ್ನೂ ನಿಂತಿದೆ.

ಆ ಹನ್ನೆರಡು ವರ್ಷ ಆತ ಏನು ಮಾಡಿದ? ಭೂಮಿ ಅಳೆಸಿದ, ಜಮಾಬಂದಿ ಮಾಡಿಸಿದ, ಸಾಲ ತೀರಿಸಿದ. ಬೋನಾಳದ ಕೆರೆ ದೊಡ್ಡದು ಮಾಡಿಸಿದ. ಇಂದು ನೀವು ಹಕ್ಕಿ ನೋಡಲು ಹೋಗುವ ಬೋನಾಳ ಅದೇ. ಆ ಕೆರೆಯ ಏರಿಗೆ ಮಣ್ಣು ಹೊತ್ತವರು ಈ ಸೀಮೆಯ ಹೆಣ್ಣುಮಕ್ಕಳು, ಗಂಡುಮಕ್ಕಳು. ಅವರ ಪಾತ್ರ ಯಾವ ನಾಟಕದಲ್ಲಿದೆ? ತಲೆ ಮೇಲೆ ಬುಟ್ಟಿ, ಏರಿಯ ಮೇಲೆ ಕೂಲಿ ಹಂಚುವ ಗುಮಾಸ್ತ, ದೂರದಲ್ಲಿ ಕೊಡೆಯಡಿ ನಿಂತ ಸಾಹೇಬ. ಪಟಾಕಿ ಬೇಕಿಲ್ಲದ ದೃಶ್ಯ ಇದು. ಕೂಲಿಯ ಲೆಕ್ಕದಲ್ಲಿ ಒಂದು ಜಗಳ ತಂದರೆ ನಮ್ಮ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಉದ್ಯೋಗ ಖಾತ್ರಿಯ ಮಸ್ಟರ್ ರೋಲ್ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ನಿಮ್ಮ ಹೊಲದ ಬದುವಿನದೇ. ಟೇಲರ್‌ಗೆ ಹಳೆಯ ಕಲ್ಲಿನ ಹುಚ್ಚಿತ್ತು. ರಾಜನಕೋಳೂರಿನ ಕಲ್ಗೋರಿಗಳನ್ನು ಮೊದಲು ಲೋಕಕ್ಕೆ ತಿಳಿಸಿದವನು ಅವನು. ಅಷ್ಟಕ್ಕೇ ನಿಲ್ಲದೆ ಜೇವರ್ಗಿಗೆ ಬಂದು, ಭೀಮೆಯ ದಂಡೆಯ ಫಿರೋಜಾಬಾದಿನ ಎದುರಿನ ನೆಲದಲ್ಲಿದ್ದ ಕಲ್ಲು ವೃತ್ತಗಳನ್ನು ಅಗೆಸಿದ. ಎಲುಬಿನ ಹಂದರ, ಮಣ್ಣಿನ ಪಾತ್ರೆ ಸಿಕ್ಕವು. ಇಂಥವೇ ಗೋರಿಗಳು ಇಂಗ್ಲೆಂಡಿನಲ್ಲೂ ಐರ್ಲೆಂಡಿನಲ್ಲೂ ಇವೆಯಲ್ಲ ಎಂದು ಬೆರಗಾಗಿ ಮುಂಬೈಯ ಏಷಿಯಾಟಿಕ್ ಸೊಸೈಟಿಗೂ ಆಮೇಲೆ ಡಬ್ಲಿನ್ನಿನ ಅಕಾಡೆಮಿಗೂ ಬರೆದ. ಭಾರತದಲ್ಲಿ ಶಿಲಾಗೋರಿಗಳ ಅಧ್ಯಯನ ಎಂದರೆ ಪಂಡಿತರು ಇಂದಿಗೂ ಜೇವರ್ಗಿಯ ಹೆಸರು ಎತ್ತುತ್ತಾರೆ. ನಮ್ಮ ತಾಲ್ಲೂಕು 2018ರವರೆಗೂ ಜೇವರ್ಗಿಯದೇ ಭಾಗ. ಆದರೂ ನಮ್ಮ ಒಂದೇ ಒಂದು ಶಾಲೆಯ ಮಗುವಾದರೂ ಸಲಿಕೆ ಹಿಡಿದು ಆ ಅಗೆತವನ್ನು ಆಡಿದ್ದನ್ನು ನಾನು ಕಂಡಿಲ್ಲ. ಅಗೆಯುವ ಆಳುಗಳು ಏನೆಂದುಕೊಂಡಿರಬೇಕು? ಹೆಣದ ಗುಂಡಿಗೆ ಇಳಿಯಲು ಒಪ್ಪಿದವರು ಯಾರು, ಒಲ್ಲೆನೆಂದವರು ಯಾರು? ಬೆಳ್ಳಗಿನ ದೊರೆ ನಿಧಿಗಾಗಿಯೇ ಅಗೆಸುತ್ತಾನೆಂದು ಊರು ಮಾತಾಡಿಕೊಂಡಿರಲಾರದೆ? ಇಲ್ಲಿ ಬರೆಯುವವನಿಗೆ ಕೈತುಂಬ ಕೆಲಸವಿದೆ.

ಟೇಲರನನ್ನು ಹೊಗಳಿ ಎಂದು ನಾನು ಹೇಳುತ್ತಿಲ್ಲ. ಆತ ಆಳಲು ಬಂದವನು. ಹುಡುಗ ರಾಜನಿಗೆ ತಂದೆಯಂತಿದ್ದೆ ಎಂದು ತನ್ನ ಬಗ್ಗೆ ತಾನೇ ಬರೆದುಕೊಂಡವನು. ಅವನ ಆತ್ಮಕಥೆ ಬಂದದ್ದು 1877ರಲ್ಲಿ, ಸತ್ತ ಮರುವರ್ಷ. ಅದರಲ್ಲಿ ರಾಣಿ ಈಶ್ವರಮ್ಮ ಕೆಟ್ಟವಳು, ಹಟಮಾರಿ, ಒಳಸಂಚಿನವಳು. ಗಂಡ ಸತ್ತ ಮನೆಗೆ ಹೊರಗಿನವನೊಬ್ಬ ಬಂದು ಖಜಾನೆಯ ಕೀಲಿಕೈ ಕೇಳಿದರೆ ಯಾವ ಹೆಣ್ಣು ಆರತಿ ಎತ್ತುತ್ತಾಳೆ? ನಿಮ್ಮ ನಾಟಕಕ್ಕೆ ನಾಯಕಿ ಬೇಕೆಂದು ಪ್ರತಿ ಸಲ ಒಬ್ಬ ನರ್ತಕಿಯ ಪಾತ್ರ ಹುಟ್ಟಿಸುತ್ತೀರಿ. ಈ ರಾಣಿ ಇಲ್ಲೇ ಕೂತಿದ್ದಾಳೆ, ಅವಳ ಮಾತನ್ನು ಅವಳ ಕಡೆಯಿಂದ ಬರೆದವರಿಲ್ಲ. ಬರೆಯಿರಿ.

ಈಗ ಸೆರೆಯಲ್ಲಿ ರಾಜನೂ ಟೇಲರನೂ ಎದುರಾದ ಭೇಟಿಯ ವಿಚಾರ. ಇಡೀ ಸುರಪುರದ ಕಥೆಯಲ್ಲಿ ರಂಗಕ್ಕೆಂದೇ ಹುಟ್ಟಿದಂತಿರುವ ದೃಶ್ಯ ಅದು, ಅದನ್ನೇ ನೀವು ಆಡುವುದಿಲ್ಲ. ಹೈದರಾಬಾದಿನಲ್ಲಿ ರಾಜ ಸೆರೆಯಲ್ಲಿದ್ದಾನೆ. ಟೇಲರ್ ನೋಡಲು ಹೋಗುತ್ತಾನೆ. ಹುಡುಗನಾಗಿದ್ದಾಗ ಕರೆಯುತ್ತಿದ್ದಂತೆಯೇ ರಾಜ ಅವನನ್ನು ಅಪ್ಪಾ ಎನ್ನುತ್ತಾನೆ. ನಿನ್ನನ್ನು ಎಬ್ಬಿಸಿದವರು ಯಾರು, ಹೆಸರು ಹೇಳು, ರೆಸಿಡೆಂಟರು ಕರುಣೆ ತೋರಬಹುದು ಎಂಬುದು ಸಾಹೇಬನ ಕಡೆಯ ಮಾತು. ಹೆಸರು ಹೇಳಿ ಜೀವ ಉಳಿಸಿಕೊಳ್ಳಲಾರೆ ಎಂಬುದು ರಾಜನದು. ಸಾಯಲು ಅಂಜುವವನಲ್ಲ, ಆದರೆ ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ಕೇಳಿಕೊಳ್ಳುತ್ತಾನೆ. ಇದನ್ನೆಲ್ಲ ಬರೆದಿಟ್ಟವನು ಟೇಲರನೇ, ಹಾಗಾಗಿ ಅವನ ಕಣ್ಣಿನಲ್ಲಿ ಕಂಡಷ್ಟೇ ನಮಗೆ ಸಿಕ್ಕಿದೆ. ಒಬ್ಬ ನಟ ಇದನ್ನು ಹೇಗೆ ಆಡುತ್ತಾನೆ ನೋಡಿ. ಅಪ್ಪಾ ಎಂಬ ಕರೆಯಲ್ಲಿ ಪ್ರೀತಿ ಇದೆಯೇ, ಚುಚ್ಚುಮಾತಿದೆಯೇ, ಎರಡೂ ಇವೆಯೇ? ಕುರ್ಚಿಯ ಮೇಲೆ ಯಾರು ಕೂರಬೇಕು, ಯಾರು ನಿಲ್ಲಬೇಕು? ಯಾವ ತಾಲೀಮಿನಲ್ಲೂ ಇಷ್ಟು ಒಳ್ಳೆಯ ಜಗಳ ಸಿಗುವುದಿಲ್ಲ.

ಮುಂದಿನದು ಬೇಗ ಮುಗಿಯಿತು. ಮೊದಲು ಮರಣದಂಡನೆ, ಆಮೇಲೆ ಗಡೀಪಾರು, ಕಡೆಗೆ ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನು ನಾಲ್ಕು ವರ್ಷದ ಸೆರೆಗೆ ಇಳಿಸಿದ. ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುವಾಗ, ಹೈದರಾಬಾದ್ ಬಿಟ್ಟ ಮೊದಲ ಬಿಡಾರದಲ್ಲೇ, 1858ರ ಮೇ 11ರಂದು ರಾಜ ಗುಂಡೇಟಿಗೆ ಸತ್ತ. ಕಾವಲಿನ ಅಧಿಕಾರಿಯ ರಿವಾಲ್ವರ್ ತೆಗೆದುಕೊಂಡು ತಾನೇ ಹೊಡೆದುಕೊಂಡ ಎಂಬುದು ಸರ್ಕಾರಿ ಮಾತು. ಅದನ್ನು ನಂಬದವರು ನಮ್ಮ ಕಡೆ ಬಹಳ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೆಂದು ಜಾತಕದಲ್ಲಿತ್ತಂತೆ, ಅರಮನೆಯ ಶಾಸ್ತ್ರಿ ಹಿಂದೆಯೇ ತನಗೆ ಹೇಳಿದ್ದನೆಂದು ಟೇಲರ್ ಬರೆಯುತ್ತಾನೆ. ಜಾತಕದ ಆ ಭಾಗವನ್ನು ಮಾತ್ರ ಯಾಕೋ ಎಲ್ಲ ನಾಟಕಕಾರರೂ ತಪ್ಪದೆ ಎತ್ತಿಕೊಳ್ಳುತ್ತಾರೆ!

1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಇನಾಮು ಕೊಟ್ಟರು. 1853ರಲ್ಲಿ ಕಂಟಿಂಜೆಂಟಿನ ಸಾಲಕ್ಕೆಂದು ಕಿತ್ತುಕೊಂಡಿದ್ದ ರಾಯಚೂರು ದೋಆಬನ್ನೂ ಮರಳಿಸಿದರು, 50 ಲಕ್ಷ ರೂಪಾಯಿ ಸಾಲವನ್ನೂ ಬಿಟ್ಟರು. ದಂಗೆಯ ಕಾಲದಲ್ಲಿ ನಿಜಾಮ ಇಂಗ್ಲಿಷರ ಪಕ್ಷ ಬಿಡದಿದ್ದುದಕ್ಕೆ ಸಿಕ್ಕ ಸಂಬಳ ಅದು. ನಾವು ಮುಂದಿನ 88 ವರ್ಷ ನಿಜಾಮನ ಸೀಮೆಯಲ್ಲೇ, ಗಡಿಯ ಈ ಕಡೆ ಉಳಿದೆವು.

ಗಡಿ ಎಂದಾಗ ನೆನಪಾಗುವುದು ಸಿಂದಗಿ. ಬಸ್ಸಿಗೆ ಕೂತರೆ ಎಷ್ಟು ಹೊತ್ತಿನ ಹಾದಿ ಎಂಬುದು ನಿಮಗೆ ಗೊತ್ತು. ಆದರೆ ನಿಮ್ಮ ಅಜ್ಜನ ಕಾಲದಲ್ಲಿ ಅದು ಬೇರೆ ಸರ್ಕಾರ. ಅಲ್ಲಿ ಮುಂಬೈ ಇಲಾಖೆ, ಕಲೆಕ್ಟರ್, ಕನ್ನಡ ಸಾಲಿ. ಇಲ್ಲಿ ಹೈದರಾಬಾದ್ ಸಂಸ್ಥಾನ, ತಾಲ್ಲೂಕ್‌ದಾರ, ಉರ್ದು ಕಚೇರಿ. ಜೇವರ್ಗಿಗಿಂತ ಮೊದಲು ತಾಲ್ಲೂಕಿನ ಕಚೇರಿ ಇದ್ದದ್ದು ಆಂದೋಲದಲ್ಲಿ. ನಡುವೆ ಕರೋಡಗಿರಿ ನಾಕಾ. ಸರಕು ದಾಟಿಸಿದರೆ ನೂರಕ್ಕೆ ಐದರಂತೆ ಸುಂಕ. ರೂಪಾಯಿ ಕೂಡ ಎರಡು. ಆ ಕಡೆಯದು ಕಲ್ದಾರ, ಈ ಕಡೆಯದು ಹಾಲಿ ಸಿಕ್ಕಾ. ಆರು ಕಲ್ದಾರಕ್ಕೆ ಏಳು ಹಾಲಿ ಎಂಬುದು ಸುಮಾರು ಲೆಕ್ಕ. ಸುಮಾರು ಎಂದೆ, ಯಾಕೆಂದರೆ ಸರಾಫನ ಬಾಯಲ್ಲಿ ಆ ಲೆಕ್ಕ ಸಂತೆ ಸಂತೆಗೂ ಹೊರಳುತ್ತಿತ್ತು. ಟೇಲರನ ಕಾಲದಲ್ಲಂತೂ ಇನ್ನೂ ಗೋಜಲು, ನಾಣ್ಯದ ಬಗೆಗಳೇ ಹತ್ತಾರು. ಸಿಂದಗಿ ಸಂತೆಯಲ್ಲಿ ಎತ್ತು ಮಾರಿ ಯಡ್ರಾಮಿಗೆ ಮರಳುವ ಒಕ್ಕಲಿಗನನ್ನು ರಂಗಕ್ಕೆ ತನ್ನಿ. ಸೊಂಟದ ಚೀಲದಲ್ಲಿ ಕಲ್ದಾರ. ನಾಕಾದವನು ಉರ್ದುವಿನಲ್ಲಿ ಗದರಿಸುತ್ತಾನೆ, ಇವನು ಕನ್ನಡದಲ್ಲಿ ಕೈಮುಗಿಯುತ್ತಾನೆ. ಸರಾಫ ನಾಣ್ಯ ಕಲ್ಲಿಗೆ ಬಡಿದು ಸದ್ದು ಕೇಳಿ, ಸವೆದಿದೆ ಎಂದು ಬಟ್ಟ ಕತ್ತರಿಸುತ್ತಾನೆ. ಮನೆಗೆ ಬಂದರೆ ಮಾಲಿಪಾಟೀಲನಿಗೆ ಕಂದಾಯ ಕೊಡಬೇಕು, ಪೊಲೀಸ್ ಪಾಟೀಲನಿಗೆ ಸಲಾಮು ಹೊಡೆಯಬೇಕು, ಕುಲಕರ್ಣಿಯ ಖಿರ್ದಿಯಲ್ಲಿ ಏನು ಬರೆದಿದೆಯೋ ಅವನಿಗೇ ಗೊತ್ತು. ಆ ಒಕ್ಕಲಿಗನ ಎತ್ತಿನ ಬೆಲೆಯಲ್ಲಿ ಎಷ್ಟು ಪಾಲು ಹಾದಿಯಲ್ಲೇ ಕರಗಿತೆಂದು ಪ್ರೇಕ್ಷಕರೇ ಬೆರಳು ಎಣಿಸುವಂತೆ ಆಡಬೇಕು.

ಲಂಬಾಣಿ ತಾಂಡಾಗಳವರೇ, ಇಲ್ಲಿ ನಿಮ್ಮ ಪಾತ್ರ ದೊಡ್ಡದು. ಈ ಸೀಮೆಗೆ ರೈಲು ಬಂದದ್ದು 1871ರಲ್ಲಿ, ಸೊಲ್ಲಾಪುರದಿಂದ ಕಲಬುರಗಿ ಮೇಲೆ ರಾಯಚೂರಿಗೆ. ಅದಕ್ಕೂ ಮೊದಲು ಕಡಲತೀರದ ಉಪ್ಪು, ಇಲ್ಲಿನ ಜೋಳ, ಹತ್ತಿ ಎಲ್ಲ ದಾಟುತ್ತಿದ್ದದ್ದು ನಿಮ್ಮ ಹೇರೆತ್ತುಗಳ ಬೆನ್ನ ಮೇಲೆ. ಸೈನ್ಯಗಳು ಹಸಿದು ಸಾಯದಂತೆ ನೋಡಿಕೊಂಡವರು ನೀವು. ರೈಲು ಬಂದು ಎತ್ತಿನ ಕೆಲಸ ಹೋಯಿತು. ಅದೇ 1871ರಲ್ಲಿ ಆಚೆಯ ಬ್ರಿಟಿಷ್ ಸರ್ಕಾರ ಅಲೆಮಾರಿಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡುವ ಕಾಯ್ದೆ ತಂದಿತು. ಮೆರವಣಿಗೆಗೆ ಕನ್ನಡಿ ಹಚ್ಚಿದ ಲಂಗ ತೊಟ್ಟ ಹೆಣ್ಣುಮಕ್ಕಳನ್ನು ಕುಣಿಸಿ ಸುಮ್ಮನಾಗುವ ಕಮಿಟಿಯವರಿಗೆ ಉಪ್ಪಿನ ಗೋಣಿ ಹೊತ್ತ ಎತ್ತಿನ ಸಾಲೊಂದನ್ನು ತಂದು ತೋರಿಸಿ.

ಹೊರನಾಡಿನಲ್ಲೂ ಈ ಆಟ ಬಹಳ ನಡೆಯುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ಫ್ರೆಂಚರ ಕಾಲದ ಒಂದು ವ್ಯಾಪಾರದ ಠಾಣೆಯ ನೆನಪಿಗೆ 1968ರಿಂದ ಶರತ್ಕಾಲದ ಮೇಳ ನಡೆಯುತ್ತಿದೆ. ಜನ ಚರ್ಮದ ಅಂಗಿ ತೊಟ್ಟು, ಹಳೆಯ ಕಾಲದ ಬಂದೂಕು ಹಿಡಿದು, ಸೌದೆ ಒಲೆಯಲ್ಲಿ ಅಡುಗೆ ಮಾಡಿ ಗಡಿನಾಡಿನ ಬದುಕನ್ನು ಆಡುತ್ತಾರೆ. ಆ ಕಾಲದಲ್ಲಿಲ್ಲದ ಸಾಮಾನು ಅಂಗಡಿಯಲ್ಲಿ ಕಾಣುವಂತಿಲ್ಲ. ಆ ಕಟ್ಟುನಿಟ್ಟನ್ನು ನಾವು ಕಲಿಯಬೇಕು. ಕೈಗಡಿಯಾರ ಕಟ್ಟಿದ ಸಂಗೊಳ್ಳಿ ರಾಯಣ್ಣನನ್ನು ಎಷ್ಟು ಸಲ ನೋಡಿಲ್ಲ! ಆದರೆ ನನಗೆ ಹೆಚ್ಚು ಹಿಡಿಸಿದ್ದು ಮ್ಯಾಸಚುಸೆಟ್ಸಿನ ಪ್ಲಿಮತ್‌ನ ಬಯಲು ಮ್ಯೂಸಿಯಂ ಮಾಡಿದ ಒಂದು ಏರ್ಪಾಟು. ಅಲ್ಲಿ ಇಂಗ್ಲಿಷ್ ವಲಸಿಗರ ಹಳ್ಳಿಯಲ್ಲಿರುವವರು ಹದಿನೇಳನೆಯ ಶತಮಾನದವರಂತೆಯೇ ಮಾತಾಡುತ್ತಾರೆ, ಪಾತ್ರ ಬಿಡುವುದಿಲ್ಲ. ಪಕ್ಕದಲ್ಲಿ ಮೂಲನಿವಾಸಿಗಳ ಬಿಡಾರವಿದೆ. ಅಲ್ಲಿ ಕೂತ ಮೂಲನಿವಾಸಿಗಳು ಪಾತ್ರ ಆಡುವುದಿಲ್ಲ. ಹಳೆಯ ಉಡುಪು ತೊಟ್ಟೇ ಇಂದಿನವರಾಗಿ, ತಮ್ಮದೇ ಮಾತಿನಲ್ಲಿ, ನಮಗೆ ಹೀಗಾಯಿತು ಎಂದು ಹೇಳುತ್ತಾರೆ. ಪ್ರಶ್ನೆ ಕೇಳಿದರೆ ಉತ್ತರಿಸುತ್ತಾರೆ. ನಮ್ಮ ಆಟದ ನಡುವೆ ಒಬ್ಬ ತಳವಾರ ಮನೆತನದ ಹಿರಿಯ, ತಾಂಡಾದ ಒಬ್ಬ ಮುದುಕಿ ಎದ್ದು ನಿಂತು ಹತ್ತು ನಿಮಿಷ ಹಾಗೆ ಮಾತಾಡಲಿ. ಸೂತ್ರಧಾರ ಬಾಯಿ ಮುಚ್ಚಿಕೊಂಡು ಕೇಳಲಿ.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕು. ಯಾರಿಗೆ ಯಾವ ಪಾತ್ರ ಎಂಬುದನ್ನು ನಮ್ಮ ಊರುಗಳಲ್ಲಿ ಕಲೆ ತೀರ್ಮಾನಿಸುವುದಿಲ್ಲ, ಓಣಿ ತೀರ್ಮಾನಿಸುತ್ತದೆ. ದಲಿತರ ಓಣಿಯ ಹುಡುಗ ಎಷ್ಟು ಚೆಂದ ಮಾತಾಡಿದರೂ ಅವನಿಗೆ ಓಲೆಕಾರನ ಪಾತ್ರ, ಇಲ್ಲವೇ ಹಲಗೆ. ಬೇಡರ ಹುಡುಗನಿಗೆ ಬಿಲ್ಲು. ಮುಸಲ್ಮಾನರ ಹುಡುಗನಿಗೆ ಸೆಪ್ಟೆಂಬರ್ 17ರ ವಿಮೋಚನಾ ದಿನದ ಮೆರವಣಿಗೆಯಲ್ಲಿ ರಜಾಕಾರನ ಪಾತ್ರ. ರಾಜ, ಸಾಹೇಬ, ದಿವಾನ ಮೊದಲೇ ಹಂಚಿಹೋಗಿರುತ್ತವೆ, ಹೆಚ್ಚು ಚಂದಾ ಕೊಟ್ಟವರಿಗೆ. ಬದಲಾಯಿಸಿ ನೋಡಿ. ಟೇಲರನ ಪಾತ್ರವನ್ನು ಹಲಗೆಯವನ ಮಗನಿಗೆ ಕೊಡಿ. ಪಾಟೀಲರ ಹುಡುಗ ಬೋನಾಳದ ಏರಿಗೆ ಮಣ್ಣು ಹೊರಲಿ.

ಸೆಪ್ಟೆಂಬರ್ 17ರ ಮಾತು ಬಂದದ್ದಕ್ಕೆ ಇದಿಷ್ಟು. ರಜಾಕಾರರ ಹಾವಳಿ ಸುಳ್ಳಲ್ಲ, ಮನೆ ಬಿಟ್ಟು ಗಡಿ ದಾಟಿ ಸಿಂದಗಿ, ಸೊಲ್ಲಾಪುರದ ಕಡೆ ಓಡಿದವರ ನೆನಪೂ ಸುಳ್ಳಲ್ಲ. ನಿಜಾಮನ ಆಳ್ವಿಕೆಯ ವಿರುದ್ಧದ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದೇ ಸಿಂದಗಿಯಲ್ಲಿ. ಹಾಗೆಯೇ ಪೊಲೀಸ್ ಕಾರ್ಯಾಚರಣೆಯ ನಂತರ ಈ ಜಿಲ್ಲೆಯ ಮುಸಲ್ಮಾನರ ಮೇಲೆ ಬಿದ್ದ ಪೆಟ್ಟೂ ಸುಳ್ಳಲ್ಲ. ಭಾರತ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ ಹೆಸರಿಸಿತು. ಟ್ರ್ಯಾಕ್ಟರಿನ ಮೇಲೆ ಐದು ನಿಮಿಷದಲ್ಲಿ ಹಾದುಹೋಗುವ ಸ್ತಬ್ಧಚಿತ್ರಕ್ಕೆ ಈ ಎರಡನ್ನೂ ಹೊರುವ ಶಕ್ತಿ ಇಲ್ಲ. ಅರ್ಧ ಹೊತ್ತು ತಿರುಗುವುದಕ್ಕಿಂತ ಆ ವಿಷಯವನ್ನು ಸದ್ಯ ಟ್ರ್ಯಾಕ್ಟರಿನಿಂದ ಇಳಿಸಿ, ಇಡೀ ರಾತ್ರಿಯ ನಾಟಕ ಬರೆಯುವವನು ಸಿಕ್ಕ ದಿನ ರಂಗಕ್ಕೆ ತನ್ನಿ. ಇದನ್ನು ಒಪ್ಪದವರು ನಿಮ್ಮಲ್ಲಿ ಇದ್ದೇ ಇರುತ್ತಾರೆ, ಕಟ್ಟೆಯ ಮೇಲೆ ಕೂತು ವಾದ ಮಾಡೋಣ.

ಇಷ್ಟೆಲ್ಲ ಹೇಳಿದಾಗ ನೀವು ಕೇಳುವುದು ನನಗೆ ಗೊತ್ತು: ಜನ ಕೂರುತ್ತಾರೇನ್ರಿ? ಕೂರುತ್ತಾರೆ. ಹಲಗಲಿ ಬೇಡರ ಲಾವಣಿ ನೋಡಿ. 1857ರಲ್ಲಿ ಆಯುಧ ಒಪ್ಪಿಸಿ ಎಂದ ಸರ್ಕಾರಕ್ಕೆ ಎದುರು ನಿಂತ ಮುಧೋಳ ಸೀಮೆಯ ಒಂದು ಸಣ್ಣ ಊರಿನ ಕಥೆ. ಅದನ್ನು ಹಾಡುವವರಿಂದ ಬರೆಸಿಕೊಂಡು ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಆ ಫ್ಲೀಟನ ಲಾವಣಿಗಳ ಸಂಗ್ರಹದಲ್ಲೇ ಆದಾಯ ತೆರಿಗೆ ಬಂದ ಕಷ್ಟದ ಮೇಲೊಂದು ಲಾವಣಿಯೂ ಇದೆ. ತೆರಿಗೆಯ ಮೇಲೆ! ನಮ್ಮ ಹಿಂದಿನವರು ಸುಂಕ, ಸಾಲ, ಸರ್ಕಾರಿ ಕಾಗದವನ್ನೂ ಹಾಡು ಕಟ್ಟಿ ಊರೂರು ತಿರುಗಿ ಕೇಳಿಸಿದವರು. ಕತ್ತಿ ಇಲ್ಲದ ಕಥೆಗೆ ಜನ ಬರುವುದಿಲ್ಲ ಎಂಬುದು ಇತ್ತೀಚಿನ ಮಾತು.

ಖರ್ಚಿನ ಭಯವೂ ಬೇಡ. ನೀವು ಕುದುರೆಗೆ, ಲೈಟಿಗೆ, ಡಿಜೆಗೆ ಸುರಿಯುವುದರಲ್ಲಿ ಕಾಲು ಪಾಲು ಸಾಕು. ಹೇರೆತ್ತಿಗೆ ಬೇಕಾದ ಎತ್ತು ಊರಲ್ಲಿದೆ, ಹಗೇವು ತೋಡಿದ್ದ ಹಳೆಯ ಮನೆಗಳಿವೆ, ಕಂಬಳಿ, ಧೋತರ, ಪಟಗಾ ಅಜ್ಜನ ಟ್ರಂಕಿನಲ್ಲಿದೆ. ಹಳೆಯ ಹಾಲಿ ನಾಣ್ಯ ಎಷ್ಟೋ ಮನೆಗಳ ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದೆ. ಅದನ್ನು ಒಂದು ದಿನಕ್ಕೆ ಕೇಳಿ ತನ್ನಿ, ಮರಳಿಸುವುದನ್ನು ಮರೆಯಬೇಡಿ. ನಾಟಕಕ್ಕೆಂದು ಮನೆಯ ನಾಡಬಂದೂಕು ತರುವ ಚಾಳಿಯನ್ನು ಮಾತ್ರ ಇಂದೇ ಬಿಡಿ, ಖಾಲಿ ಬಂದೂಕು ಎಂದು ನಂಬಿ ಕೆಟ್ಟವರು ಬಹಳ ಮಂದಿ. ರಂಗಮಂದಿರಕ್ಕಾಗಿ ಕಾಯಬೇಕಾಗಿಯೂ ಇಲ್ಲ. ವಾರದ ಸಂತೆ ಕೂಡುವ ಬಯಲಿದೆ. ಸಂತೆಯ ದಿನವೇ, ಸಂತೆಯ ನಡುವೆಯೇ ಒಂದು ಬಿದಿರಿನ ನಾಕಾ ಕಟ್ಟಿ, ಪಕ್ಕದಲ್ಲಿ ಸರಾಫನನ್ನು ಕೂರಿಸಿ, ಬದನೆಕಾಯಿ ಒಯ್ಯುವವರನ್ನೂ ನಿಲ್ಲಿಸಿ ಸುಂಕ ಕೇಳಿ. ಬೈಗುಳ ತಿನ್ನುತ್ತೀರಿ, ಅದು ನಾಟಕದ ಭಾಗವೇ.

ಸುರಪುರದವರನ್ನೂ ಕರೆಯಿರಿ. ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ನೀರು ಎರಚುತ್ತಿರುವಂತೆಯೇ ಜಾರುಕಂಬ ಹತ್ತುವ ಅಲ್ಲಿಯ ಹುಡುಗರಿಗೆ ಹಳೆಯದನ್ನು ಮೈಯಲ್ಲಿ ಹಿಡಿದಿಡುವುದು ಗೊತ್ತು. ಅವರ ಊರಿನ ಕಥೆಯನ್ನು ಅವರನ್ನು ಕೇಳದೆ ಆಡುವುದು ಸಭ್ಯತೆಯೂ ಅಲ್ಲ. ಸಿಂದಗಿಯವರಿಗೂ ಒಂದು ಮಾತು ಹಾಕಿ. 1824ರಲ್ಲೇ, ಕಿತ್ತೂರಿನದೇ ವರ್ಷ, ದಿವಾಕರ ದೀಕ್ಷಿತನೆಂಬವನು ಅಲ್ಲಿ ಠಾಣೆ ಹಿಡಿದು ತನ್ನದೇ ಸರ್ಕಾರ ಎಂದು ಸಾರಿದ್ದ. ಅವರೂ ಅದನ್ನು ಮರೆತು ಕಿತ್ತೂರನ್ನೇ ಆಡುತ್ತಿದ್ದಾರೆ. ನಾಕಾದ ಆ ಕಡೆಯ ಪಾತ್ರಗಳು ಅವರವು, ಈ ಕಡೆಯವು ನಮ್ಮವು.

ಬರುವ ಫೆಬ್ರುವರಿ 7ಕ್ಕೆ ಇದರಲ್ಲಿ ಒಂದು ದೃಶ್ಯವನ್ನಾದರೂ ಎತ್ತಿಕೊಳ್ಳಿ: ಕೆರೆಯ ಏರಿ, ಜೇವರ್ಗಿಯ ಅಗೆತ, ಸೆರೆಮನೆಯ ಭೇಟಿ, ಗಡಿಯ ಸಂತೆ, ಯಾವುದಾದರೂ ಸರಿ. ಮಾತು ಬರೆಯಲು ಕೂರುವುದಾದರೆ ರಾತ್ರಿ ಊಟವಾದ ಮೇಲೆ ಕೂರೋಣ, ನಾನು ಬರುತ್ತೇನೆ. ಮುಖಕ್ಕೆ ಬಿಳಿ ಬಳಿದುಕೊಳ್ಳಲು ಮಾತ್ರ ನನ್ನನ್ನು ಕರೆಯಬೇಡಿ. ಸರಾಫನ ಪಾತ್ರಕ್ಕೆ ಯಾರೂ ಸಿಗದಿದ್ದರೆ ಹೇಳಿ ಕಳಿಸಿ.

ಇಂತಿ ನಿಮ್ಮವ,
ಇದೇ ಸೀಮೆಯ ಒಬ್ಬ ನಾಟಕದ ಹುಚ್ಚ